ಗುಂಡಿ ಬೇಕಾದಲ್ಲಿ ಇಲ್ಲ

ಟಚ್ ಸ್ಕ್ರೀನ್ ಬಂದ ಮೇಲೆ ಮಾಯವಾಗಿದ್ದ ಒತ್ತುವ ಗುಂಡಿಗಳು ಕಾರುಗಳಿಗೆ ವಾಪಸ್ ಬರ್ತಾವಂತೆ. ಓದಿರ್ತೀರಿ. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೋ ಎನ್‌ಕ್ಯಾಪ್‌ನವರು, 2026ರಿಂದ ಪೂರ್ತಿ ಅಂಕ ಬೇಕಿದ್ದರೆ ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪ, ತುರ್ತು ಕರೆ, ಈ ಐದಕ್ಕಾದರೂ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇರಲಿ ಎಂದಿದ್ದಾರೆ. ಹಾರ್ನ್ ಹೊಡೆಯಲು ಒತ್ತುವಂಥದ್ದೇನಾದರೂ ಇರಬೇಕು ಎಂದು ಹೇಳುವುದಕ್ಕೆ ಅಷ್ಟು ದೊಡ್ಡ ಸಂಸ್ಥೆಯೇ ಬೇಕಾಯಿತು.

ನಮ್ಮ ದಾವಣಗೆರೆಯವರಿಗೆ ಗುಂಡಿಯ ಬರ ಎಂದೂ ಬಂದಿಲ್ಲ. ಮಳೆಗಾಲ ಮುಗಿದ ಮೇಲೆ ಯಾವ ರಸ್ತೆಗಾದರೂ ಇಳಿಯಿರಿ, ಅಂಗೈಯಗಲದ್ದು, ಮೊಣಕಾಲಾಳದ್ದು, ಬೇಕಾದ ಸೈಜಿನಲ್ಲಿ ಸಿಗುತ್ತವೆ. ಹೋದ ತಿಂಗಳು ಚಿಕ್ಕಪ್ಪನ ಮಗ ಹೊಸ ಕಾರು ತಂದ. ಅದರೊಳಗೆ ಮಾತ್ರ ಒಂದೂ ಇಲ್ಲ. ಎದುರಿಗೆ ಚಪಾತಿ ಮಣೆಯಷ್ಟು ಅಗಲದ ಗಾಜು, ಅಷ್ಟೆ.

“ಎಲ್ಲಾ ಇದ್ರಾಗೇ ಐತಿ ಅಣ್ಣಾ” ಅಂದ.

ಇತ್ತು, ಇಲ್ಲ ಅನ್ನುವುದಿಲ್ಲ. ಚಿತ್ರದುರ್ಗದ ಕೋಟೆ ನೋಡಲು ಹೊರಟೆವು. ಆನಗೋಡು ದಾಟುವಷ್ಟರಲ್ಲಿ ಹಿಂದೆ ಕೂತಿದ್ದ ಅವ್ವನಿಗೆ ಚಳಿ ಹತ್ತಿತು. ಎಸಿ ಕಡಿಮೆ ಮಾಡಬೇಕು. ಅವನು ಗಾಜು ಮುಟ್ಟಿದ, ಹಾಡು ಬದಲಾಯಿತು. ಇನ್ನೊಂದು ಕಡೆ ಮುಟ್ಟಿದ, ಕಾರಿನೊಳಗಿನ ದೀಪಕ್ಕೆ ಯಾವ ಬಣ್ಣ ಬೇಕು ಎಂದು ಕೇಳಿತು. ಅಷ್ಟರಲ್ಲಿ ಕಾರು ಒಂದು ಗುಂಡಿಗೆ (ರಸ್ತೆಯದ್ದು) ಇಳಿದು ಎದ್ದಿತು, ಬೆರಳು ಜಾರಿತು, ಅವನ ಮಾವನಿಗೆ ಫೋನ್ ಹೋಯಿತು. ಹೋದ ಮೇಲೆ ಮಾತಾಡದೆ ಇಡಲಾಗುತ್ತದೆಯೇ? ಭರಮಸಾಗರದವರೆಗೂ ಮಾವನ ಮಂಡಿನೋವಿನ ವಿಚಾರ. ಅವ್ವ ಸೆರಗು ಹೊದ್ದು ಕೂತಳು.

ಸ್ವೀಡನ್ನಿನ ಕಾರು ಪತ್ರಿಕೆಯೊಂದು 2022ರಲ್ಲಿ ಇದನ್ನೇ ಅಳೆದು ನೋಡಿದೆ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ಬಿಸಿಗಾಳಿ ಹಾಕು, ರೇಡಿಯೊ ಹಚ್ಚು, ಇಂಥ ನಾಲ್ಕು ಸಣ್ಣ ಕೆಲಸ. ಗುಂಡಿಗಳಿದ್ದ 2005ರ ಹಳೇ ವೋಲ್ವೊದಲ್ಲಿ ಹಿಡಿದದ್ದು 10 ಸೆಕೆಂಡ್. ಗಾಜಿನ ಕಾರುಗಳಲ್ಲಿ ಕೊನೆಗೆ ಬಂದದ್ದಕ್ಕೆ ಸುಮಾರು 45 ಸೆಕೆಂಡ್. ಅಷ್ಟರಲ್ಲಿ ಕಾರು 1,372 ಮೀಟರ್ ಮುಂದೆ ಹೋಗಿತ್ತು. ಅದು ಸ್ವೀಡನ್ನು. ಇಲ್ಲಿ ಅಷ್ಟು ದೂರದಲ್ಲಿ ಎರಡು ಎಮ್ಮೆ, ಎದುರಿಗೇ ಬರುವ ಒಂದು ಟ್ರ್ಯಾಕ್ಟರ್, ಮೆಕ್ಕೆಜೋಳ ಒಣಹಾಕಿದ ಅರ್ಧ ರಸ್ತೆ ಸಿಗುತ್ತವೆ.

ಕೋಟೆಯಲ್ಲಿ ಓಬವ್ವನ ಕಿಂಡಿ ಎದುರು ನಿಂತಾಗ ನನಗೆ ನೆನಪಾದದ್ದು ಐಫೋನ್. 2016ರಲ್ಲಿ ಆಪಲ್‌ನವರು ಇಯರ್‌ಫೋನ್ ಚುಚ್ಚುವ ತೂತು ಮುಚ್ಚಿ, ವೇದಿಕೆ ಮೇಲೆ ನಿಂತು ಅದಕ್ಕೆ ಧೈರ್ಯ ಎಂದು ಹೆಸರಿಟ್ಟರಲ್ಲ, ಅದು. ನಮ್ಮ ಕಡೆ ಧೈರ್ಯ ಅಂದರೆ ಕಿಂಡಿ ತೆರೆದೇ ಇರುವಾಗ ಅದರ ಪಕ್ಕ ಒನಕೆ ಹಿಡಿದು ನಿಲ್ಲುವುದು. ಈ ಕಂಪನಿಗಳ ಕೈಗೆ ಕೋಟೆ ಕೊಟ್ಟಿದ್ದರೆ ಕಿಂಡಿ ಮುಚ್ಚಿ, ಒನಕೆ ಬೇರೆ ಮಾರುತ್ತಿದ್ದರು. ಅದೂ ದಿನಾ ರಾತ್ರಿ ಚಾರ್ಜಿಗೆ ಇಡುವಂಥ ಒನಕೆ. 2020ರಲ್ಲಿ ಐಫೋನ್ ಡಬ್ಬಿಯಿಂದ ಚಾರ್ಜರನ್ನೂ ತೆಗೆದರು, ಪರಿಸರಕ್ಕೋಸ್ಕರ. ಪರಿಸರ ಪ್ರೀತಿಗೆ ಬೆಲೆ ಕಟ್ಟಲಾಗದು ಅಂತಾರೆ. ಚಾರ್ಜರಿಗೆ ಕಟ್ಟಿದ್ದಾರೆ.

ಮನೆಗೆ ಬನ್ನಿ. ಗ್ಯಾಸ್ ಮುಗಿದಾಗ ಇರಲಿ ಎಂದು ಇಂಡಕ್ಷನ್ ಒಲೆ ತಂದೆ. ನುಣ್ಣಗೆ ಕಪ್ಪು ಕನ್ನಡಿ, ಅಂಚಿನಲ್ಲಿ ಬರೀ ಗುರುತುಗಳು, ಬೆರಳು ಸೋಕಿಸಿದರೆ ಸಾಕು. ಗಾಜಿನಡಿ ಇರುವ ಒಂದಿಷ್ಟು ಕರೆಂಟಿನ ಪ್ರಭಾವವನ್ನು ಬೆರಳು ಬದಲಾಯಿಸುತ್ತದೆ, ಒಲೆ ಅದನ್ನೇ ಒತ್ತಿದರು ಎಂದು ತಿಳಿಯುತ್ತದೆ. ನೀರು ಬಿದ್ದರೂ ಅದೇ ಆಗುತ್ತದೆ. ಒದ್ದೆಯಾದರೆ ಅದಕ್ಕೆ ಬೆರಳು ಯಾವುದು, ಹನಿ ಯಾವುದು ಗೊತ್ತಾಗುವುದಿಲ್ಲ. ಅಡುಗೆಮನೆಯಲ್ಲಿ ಒದ್ದೆಯಾಗಬಾರದು ಎಂಬುದು ಇದನ್ನು ಮಾಡಿದ ಪುಣ್ಯಾತ್ಮನ ಆಶಯ. ಹಾಲು ಉಕ್ಕಿತು. ಉಕ್ಕಿದ್ದು ಸೀದಾ ಆ ಗುರುತುಗಳ ಮೇಲೇ ಹರಿಯಿತು. ಅವ್ವ ಒತ್ತಿದಳು. ಒರೆಸಿ ಒತ್ತಿದಳು. ಒಲೆ ಕುಂಯ್ ಕುಂಯ್ ಅನ್ನುತ್ತಾ ಇನ್ನಷ್ಟು ಉಕ್ಕಿಸಿತು. ಕೊನೆಗೆ ಗೋಡೆಯ ಸ್ವಿಚ್ಚಿಗೆ ಕೈ ಹಾಕಿ ಟಕ್ ಅನಿಸಿದಳು. ಆ ಸ್ವಿಚ್ಚಿಗೆ ಒದ್ದೆ ಕೈ ಹಾಕಬಾರದು ಎಂದು ನನಗೆ ಚಿಕ್ಕಂದಿನಲ್ಲಿ ಬೈದವಳೇ ಅವಳು.

ಬೆಣ್ಣೆ ದೋಸೆ ತಿಂದ ಹೆಬ್ಬೆರಳನ್ನು ನನ್ನ ಫೋನೂ ಗುರುತು ಹಿಡಿಯುವುದಿಲ್ಲ. ಸ್ವಂತ ಊರಿನಲ್ಲಿ ನಾನು ಯಾರೋ ಪರಸ್ಥಳದವನು.

ನಗಬಹುದು. ಆದರೆ 2017ರಲ್ಲಿ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲದ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ತರಬೇತಿ ಸಾಲದಿತ್ತು, ಜೊತೆಗೆ ಚುಕ್ಕಾಣಿ ಮತ್ತು ವೇಗವನ್ನು ಟಚ್ ಸ್ಕ್ರೀನಿಗೆ ಹಾಕಿದ್ದೂ ಗೊಂದಲಕ್ಕೆ ಕಾರಣ ಎಂದಿತು ತನಿಖೆ. 2019ರಲ್ಲಿ ನೌಕಾಪಡೆ ಕೈಯಲ್ಲಿ ಹಿಡಿದು ತಳ್ಳುವ ಹಿಡಿಕೆಗೆ ಮರಳಲು ತೀರ್ಮಾನಿಸಿತು. ಅವರಿಗೇ ಹೀಗಾದರೆ ಅವ್ವನ ಮಾತೇನು?

ಗುಂಡಿ ಮಾಡಲು ಅಚ್ಚು ಬೇಕು, ಸ್ಪ್ರಿಂಗ್ ಬೇಕು, ವೈರು ಬೇಕು, ಜೋಡಿಸುವ ಕೈ ಬೇಕು. ಗಾಜಿನ ಮೇಲೆ ಗುಂಡಿಯ ಚಿತ್ರ ಬರೆದರೆ ಇವ್ಯಾವೂ ಬೇಡ. ಕಂಪನಿಯವರೇ, ಖರ್ಚು ಉಳಿದದ್ದು ನಿಮಗೆ. ಅದನ್ನೇ ಅಂದ ಅಂತ ನಮಗೇ ಮಾರಿದಿರಿ. ಬಳಸಲು ಬರದಿದ್ದರೆ ವಯಸ್ಸಾಯ್ತು, ಕಲೀಬೇಕು ಅಂತೀರಿ. ಐವತ್ತು ವರ್ಷ ಒಲೆ ಮುಂದೆ ಕೂತವಳು ತನ್ನ ಮನೆಯಲ್ಲೇ “ನಂಗ ತಿಳಿಯಂಗಿಲ್ಲ ಬಿಡಪ” ಅನ್ನುವಂತೆ ಮಾಡಿದ್ದೀರಿ. ಅವಳಿಗೆ ತಿಳಿಯುತ್ತದೆ. ನಿಮಗೆ ತಿಳಿಯುತ್ತಿಲ್ಲ.

ಇರಲಿ, ಫ್ಯಾನಿನ ಕತೆ ಬಾಕಿ ಇದೆ. ಕರೆಂಟ್ ಬಿಲ್ಲು ಇಳಿಯುತ್ತದೆ ಎಂದು ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆ. ಹಳೆಯದು 75 ವ್ಯಾಟ್ ತಿಂದರೆ ಇದಕ್ಕೆ ಮೂವತ್ತರ ಆಸುಪಾಸು ಸಾಕು, ಅದು ನಿಜ. ಎಲೆಕ್ಟ್ರಿಷಿಯನ್ ರೆಗ್ಯುಲೇಟರ್ ಕಿತ್ತು ಕೈಗೆ ರಿಮೋಟ್ ಕೊಟ್ಟ. ಗೋಡೆಗೆ ಅಂಟಿದ್ದ ರೆಗ್ಯುಲೇಟರ್ ಎಂದಾದರೂ ಕಳೆದದ್ದುಂಟೇ? ರಿಮೋಟ್ ಮೊದಲ ವಾರ ದಿಂಬಿನಡಿ ಹೋಯಿತು, ಎರಡನೇ ವಾರ ಹಾಸಿಗೆ ಬಟ್ಟೆಯೊಂದಿಗೆ ವಾಷಿಂಗ್ ಮೆಷಿನ್ನಿಗೆ ಹೋಗಿ ತೊಳೆದುಕೊಂಡು ಬಂತು. ಏಪ್ರಿಲ್ ಸೆಕೆಯಲ್ಲಿ ಮನೆಮಂದಿಯೆಲ್ಲ ಮಂಚದ ಕೆಳಗೆ ತಲೆ ಹಾಕಿ ಹುಡುಕಿದೆವು.

ಹೊಸ ರಿಮೋಟ್ ತಂದ ದಿನ ಅವ್ವ ಅದಕ್ಕೊಂದು ಹುರಿ ಕಟ್ಟಿದಳು. ಸ್ವಿಚ್ ಬೋರ್ಡಿನಲ್ಲಿ ರೆಗ್ಯುಲೇಟರ್ ಇದ್ದ ತೂತಿನ ಪಕ್ಕ ಮೊಳೆ ಹೊಡೆಸಿ ನೇತುಹಾಕಿದ್ದಾಳೆ. ಫ್ಯಾನ್ ಜೋರು ಮಾಡಬೇಕಾದವರು ಈಗ ಎದ್ದು ಗೋಡೆ ಹತ್ತಿರ ಹೋಗಬೇಕು.