ಬದನೆಕಾಯಿ ಓದಿದ ಕತೆ

ಕ್ಯೂಪರ್ಟಿನೋದ ಒಂದು ಚೀನೀ ಹೋಟೆಲು. ಅವತ್ತಿನ ವಿಶೇಷಗಳನ್ನು ಗೋಡೆಯ ಮೇಲೆ ಚೀನೀ ಲಿಪಿಯಲ್ಲಷ್ಟೇ ಬರೆದಿದ್ದರು. ನನ್ನ ಸಹೋದ್ಯೋಗಿ ಅದನ್ನೇ ದಿಟ್ಟಿಸುತ್ತಾ ಕೂತಿದ್ದಳು. ಅವಳು ಹುಟ್ಟಿದ್ದು ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ, ಮನೆಮಾತು ಮ್ಯಾಂಡರಿನ್. ಅಜ್ಜಿಯ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ. ಆದರೆ ಓದು ಕಲಿಯಲು ಕೂತದ್ದು ಮೂವತ್ತು ದಾಟಿದ ಮೇಲೆ.

ಮೊದಲ ಎರಡು ಅಕ್ಷರ ಅವಳಿಗೆ ಗೊತ್ತಿತ್ತು. 'ಯೂ' ಅಂದರೆ ಮೀನು, 'ಶಿಯಾಂಗ್' ಅಂದರೆ ಘಮ. ಮೂರನೆಯದು ಹೊಸದು. ಮೇಲೆ ಹುಲ್ಲಿನ ಗುರುತು ಇದೆ, ಅಂದರೆ ಯಾವುದೋ ಗಿಡ. ಕೆಳಗಿರುವ ಭಾಗವನ್ನು ಬಿಡಿಯಾಗಿ ಓದಿದರೆ 'ಜಿಯಾ'. "ಯೂ ಶಿಯಾಂಗ್ ಜಿಯಾ..." ಎಂದು ಗೊಣಗಿದವಳು ತಟ್ಟನೆ ನಕ್ಕಳು. "ಚಿಯೆಜ! ಬದನೆಕಾಯಿ!"

(ಹೆಸರಲ್ಲಿ ಮೀನಿದ್ದರೂ ಇದರಲ್ಲಿ ಮೀನಿರಲ್ಲ, ಸಿಚುವಾನಿನ ಒಂದು ಬಗೆಯ ಮಸಾಲೆಗೆ ಆ ಹೆಸರು ಅಷ್ಟೇ. ಆದರೆ ಹಂದಿಯ ಕೈಮಾ ಇರೋದುಂಟು. ಸಸ್ಯಾಹಾರಿಗಳು ಕೇಳಿಕೊಂಡೇ ತಿನ್ನಿ.)

ಅಕ್ಷರ ಹೇಳಿದ್ದು 'ಜಿಯಾ' ಅಂತ. ಅದನ್ನು ತಿದ್ದಿದ್ದು ಅವಳ ಕಿವಿ. ಮನೆಯಲ್ಲಿ ನೂರಾರು ಸಲ ಕೇಳಿದ ಅಡುಗೆಯ ಹೆಸರು ಬಾಯಿಗೆ ತಾನಾಗಿ ಬಂತು. ಹೊರಗಿನಿಂದ ಬಂದು ಚೀನೀ ಕಲಿಯುವವನಿಗೆ ಈ ಅನುಕೂಲ ಇಲ್ಲ. ಅವನು ಪದವನ್ನೂ ಕಲಿಯಬೇಕು, ಅಕ್ಷರವನ್ನೂ ಕಲಿಯಬೇಕು.

ಹಾಗಿದ್ದರೆ ಚಿಕ್ಕವಳಿದ್ದಾಗಲೇ ಅವಳಿಗೆ ಓದು ಯಾಕೆ ಬರಲಿಲ್ಲ? ಶನಿವಾರದ ಚೀನೀ ಶಾಲೆಗೆ ಆರು ವರ್ಷ ಹೋಗಿದ್ದಾಳೆ. ಅವಳು ದೂರುವುದು ಪಿನ್ಯಿನ್ ಅನ್ನು. ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಈ ಪದ್ಧತಿಯನ್ನು ಚೀನಾ 1958ರಲ್ಲಿ ಜಾರಿಗೆ ತಂದಿತು. ಅಲ್ಲಿನ ಒಂದನೇ ಕ್ಲಾಸಿನ ಮಗುವಿಗೆ ಅದು ಒಳ್ಳೇ ಊರುಗೋಲು. ಅಮೆರಿಕದ ಮಗುವಿಗೆ ಇಂಗ್ಲಿಷ್ ಅಕ್ಷರ ಮೊದಲೇ ಬಾಯಿಪಾಠ. ಚೀನೀ ಅಕ್ಷರದ ತಲೆಯ ಮೇಲೆ ಪಿನ್ಯಿನ್ ಇದ್ದರೆ ಕಣ್ಣು ಕೆಳಗೆ ಇಳಿಯೋದೇ ಇಲ್ಲ. ಅವಳು ಪಾಠವನ್ನು ಗಡಗಡ ಓದುತ್ತಿದ್ದಳು, ಟೀಚರಿಗೆ ಖುಷಿಯೋ ಖುಷಿ. ಕಲಿತದ್ದು ಸೊನ್ನೆ. ಇದೇ ಕಾರಣಕ್ಕೆ ಇಲ್ಲಿನ ಕೆಲವು ಶಾಲೆಗಳು ಮೊದಲು ಅಕ್ಷರ, ಪಿನ್ಯಿನ್ ಆಮೇಲೆ ಎಂಬ ದಾರಿ ಹಿಡಿದಿವೆ. ನನಗೂ ಅದೇ ಸರಿ ಅನಿಸುತ್ತದೆ.

ಈಗ ಅವಳು ಪಿನ್ಯಿನ್ ಇರುವ ಪುಸ್ತಕ ಮುಟ್ಟುವುದಿಲ್ಲ. ಕೈಯಲ್ಲಿ ಬರೆಯೋದನ್ನೂ ಬಿಟ್ಟಿದ್ದಾಳೆ. ಚೀನಾ 1988ರಲ್ಲಿ ಪಟ್ಟಿ ಮಾಡಿದ ಬಳಕೆಯ ಅಕ್ಷರಗಳೇ 3500. ಎಲ್ಲವನ್ನೂ ಗೀರು ಗೀರಾಗಿ ತಿದ್ದುತ್ತಾ ಕೂತರೆ ಓದುವುದು ಯಾವಾಗ? ಫೋನಲ್ಲೇ ಬರೆದು ಬರೆದು, ಪೆನ್ನು ಎತ್ತಿದರೆ ಅಕ್ಷರ ಮರೆತುಹೋಗುತ್ತೆ ಅಂತ ಚೀನಾದವರೇ ಗೊಣಗುತ್ತಾರೆ. ಅದಕ್ಕೊಂದು ನಾಲ್ಕಕ್ಷರದ ನುಡಿಗಟ್ಟೇ ಇದೆ, 'ಥೀ ಬೀ ವಾಂಗ್ ಜ' ಅಂತ.

ಬರೆಯೋದು ಬಿಟ್ಟು ಓದು ಅನ್ನುವ ಈ ಮಾತು ಕನ್ನಡಕ್ಕೆ ಒಪ್ಪಲ್ಲ. ಒತ್ತಕ್ಷರ ಕೈಗೆ ಕೂತರೇನೇ ಕಣ್ಣಿಗೆ ಕೂರೋದು. ನಮ್ಮ ಕಷ್ಟವೂ ಬೇರೆ ತರಹದ್ದು. ನನ್ನ ಮಗಳು 'ಪ್ರತಿಭಟನೆ' ಎಂದು ತಪ್ಪಿಲ್ಲದೆ ಓದಿ, "ಹಾಗಂದ್ರೇನು?" ಅಂತಾಳೆ. ಮನೆಯಲ್ಲಿ ಆ ಪದ ಯಾರು ಆಡುತ್ತಾರೆ? ಸಹೋದ್ಯೋಗಿಗೆ ಇದರ ತಿರುಗಾಮುರುಗಾ. ಎಷ್ಟೋ ಬೋರ್ಡುಗಳ ಅರ್ಥ ಹೊಳೆಯುತ್ತದೆ, ಗಟ್ಟಿಯಾಗಿ ಓದು ಅಂದರೆ ಬಾಯಿ ಕಟ್ಟುತ್ತದೆ.

ಆದರೆ ಆ ಊರುಗೋಲು ಮಾತ್ರ ನಮ್ಮಲ್ಲೂ ಇದೆ. ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ, ರಾಜ್ಯೋತ್ಸವದ ಹಾಡಿನ ಹಾಳೆಯಲ್ಲೂ ಅದೇ. ಅವರದು ಸಾವಿರಗಟ್ಟಲೆ ಅಕ್ಷರ, ಹೋಗಲಿ ಬಿಡಿ. ನಮ್ಮದು 49 ಅಕ್ಷರ, ಕಾಗುಣಿತ, ಒತ್ತು. ಮನಸ್ಸು ಮಾಡಿದರೆ ಒಂದು ಬೇಸಿಗೆ ರಜೆಯ ಕೆಲಸ. ಇಷ್ಟಕ್ಕೂ ನಮಗೆ ಊರುಗೋಲು ಬೇಕಾ?

ಕಳೆದ ನವೆಂಬರಿನಲ್ಲಿ ಹಾಡಿನ ಹಾಳೆ ಎರಡೂ ಲಿಪಿಯಲ್ಲಿ ಬಂತು. ಇಂಗ್ಲಿಷ್ ಇದ್ದ ಅರ್ಧವನ್ನು ಕತ್ತರಿಸಿ ತೆಗೆದು, ಕನ್ನಡದ ಅರ್ಧವನ್ನಷ್ಟೇ ಮಗಳ ಕೈಗೆ ಕೊಟ್ಟೆ. ಸ್ಟೇಜಿನ ಮೇಲೆ ಅವಳು ಉಳಿದವರಿಗಿಂತ ಒಂದು ಸಾಲು ಹಿಂದೆ ಬಿದ್ದಳು. ಪಲ್ಲವಿಗೆ ಬರುವ ಹೊತ್ತಿಗೆ ಸೇರಿಕೊಂಡಳು. ಕೆಳಗಿಳಿದ ಮೇಲೆ ಅರ್ಧ ದಿನ ನನ್ನ ಜೊತೆ ಮಾತಾಡಲಿಲ್ಲ.