ಸತ್ಯಾಂಶ: ಪ್ರೋಗ್ರಾಮಿಂಗ್ ಕಲಿಯಲು ಇಂಗ್ಲಿಷ್ ಬರಲೇಬೇಕೇ?

‘ಇಂಗ್ಲಿಷ್ ಮತ್ತು ಹೈಸ್ಕೂಲಿನ ಗಣಿತ ಬಾರದ ಮಕ್ಕಳಿಗೆ ಪ್ರೋಗ್ರಾಮಿಂಗ್ ಅಸಾಧ್ಯ; ಆಟಿಕೆ ರೋಬೋಟ್ ಬರೀ ಕಾಲಹರಣ’ ಎಂಬ ಸಂದೇಶ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ.

ಮಕ್ಕಳಿಗಾಗಿಯೇ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಅಮೆರಿಕದಲ್ಲಿ 1967ರಲ್ಲೇ ರೂಪುಗೊಂಡಿತು. 2014ರಲ್ಲಿ ಬಂದ ಸ್ಕ್ರ್ಯಾಚ್ ಜೂನಿಯರ್ ಎಂಬ ಆ್ಯಪ್ 5ರಿಂದ 7 ವರ್ಷದವರಿಗೆಂದೇ ಮಾಡಿದ್ದು. ಅದರಲ್ಲಿ ಆದೇಶಗಳೆಲ್ಲ ಚಿತ್ರಗಳು, ಓದು ಬಾರದಿದ್ದರೂ ಜೋಡಿಸಬಹುದು.

ಇನ್ನು ಕಾಲಹರಣದ ಮಾತು. ತುಂಡುಗಳನ್ನು ಜೋಡಿಸಿ ಆಟಿಕೆ ರೋಬೋಟ್ ಕಟ್ಟುವ ಲೆಗೊ ವೀಡೂ ಕಿಟ್‌ನ ‘ಹಸಿದ ಮೊಸಳೆ’ಯನ್ನೇ ನೋಡಿ. ಬಾಯಿಯ ಬಳಿ ಏನಾದರೂ ಬಂದರೆ ಸೆನ್ಸರ್ ಗುರುತಿಸುತ್ತದೆ, ಮೋಟಾರು ತಿರುಗುತ್ತದೆ, ಪಟ್ಟಿ (ಬೆಲ್ಟ್) ಮತ್ತು ರಾಟೆಗಳ ಮೂಲಕ ದವಡೆ ಮುಚ್ಚುತ್ತದೆ. ದವಡೆ ಮುಚ್ಚದೇ ಹೋದಾಗಲೇ ನಿಜವಾದ ಪಾಠ ಶುರು: ಪಟ್ಟಿ ಸಡಿಲವೋ, ಆದೇಶದ ಕ್ರಮ ತಪ್ಪಿತೋ? ಮಗು ಒಂದೊಂದಾಗಿ ಪರೀಕ್ಷಿಸುತ್ತದೆ. ಎಂಜಿನಿಯರ್ ಮಾಡುವುದೂ ಇದನ್ನೇ. ಹಲ್ಲುಚಕ್ರಗಳಲ್ಲಿ (ಗೇರ್) ಗಣಿತವೂ ಇದೆ: 8 ಹಲ್ಲಿನ ಚಕ್ರ 24 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ತಿರುಗಿಸುವ ಬಲ ಹೆಚ್ಚುತ್ತದೆ; ಭಿನ್ನರಾಶಿ ಕೈಗೇ ಸಿಗುತ್ತದೆ.

ದುಬಾರಿ ಕಿಟ್ ಇಲ್ಲದಿದ್ದರೂ ಕಲಿಕೆ ನಿಲ್ಲುವುದಿಲ್ಲ. ರಟ್ಟು, ದಾರ, ಬಾಟಲಿ ಮುಚ್ಚಳಗಳಿಂದ ಮಾಡಿದ ರಾಟೆಯೂ ಇದೇ ತತ್ವದಿಂದ ತಿರುಗುತ್ತದೆ.