ಚಾಲೂ ಇದೆಯೋ, ಬಂದೋ?

ನಮ್ಮ ಕಾರಿನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ಸರಿ ಇದ್ದಾಗ ಅದು ಕೆಟ್ಟು ನಿಂತಂತೆ ಕಾಣುತ್ತದೆ. ಕೆಟ್ಟಾಗ ಏನೂ ಆಗಿಲ್ಲ ಎಂಬಂತೆ ಠೀವಿಯಿಂದ ನಿಂತಿರುತ್ತದೆ. ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಈ ವ್ಯತ್ಯಾಸ ತಿಳಿದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ನಮ್ಮವರು. ಅವರದ್ದೂ ಅಷ್ಟಕ್ಕಷ್ಟೇ.

2010ರ ಮಾಡೆಲ್ ಹೈಬ್ರಿಡ್ ಗಾಡಿ, ಅಂದರೆ ಪೆಟ್ರೋಲ್ ಎಂಜಿನ್ನೂ ಕರೆಂಟಿನ ಮೋಟಾರೂ ಜೊತೆಗಿರುವಂಥದ್ದು. ಕಂಪನಿ ಹೆಸರು ಬೇಡ ಬಿಡಿ, ಸುಮ್ನೆ ಯಾಕೆ. ಇವರ ಆಫೀಸಿನ ದೊಡ್ಡ ಸಾಹೇಬರು ರಿಟೈರ್ ಆಗಿ ಊರಿಗೆ ಹೊರಟಾಗ ಸಸ್ತಾದಲ್ಲಿ ಕೊಟ್ಟು ಹೋದರು. "ಆಗಿನ ಕಾಲಕ್ಕೆ ಬಹಳ ಮುಂದುವರಿದ ಗಾಡಿ ಮಾರಾಯ್ತಿ" ಅಂತ ಇವರು ಈಗಲೂ ಹೇಳುತ್ತಿರುತ್ತಾರೆ. ಸುಳ್ಳೇನಲ್ಲ. ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಜಪಾನಿನವರು 1997ರಲ್ಲೇ ಮಾರಾಟಕ್ಕೆ ಇಟ್ಟಿದ್ದರು. ಆಗ ನಮ್ಮ ಮಾವನವರ ಹತ್ತಿರ ಇದ್ದದ್ದು ಸ್ಕೂಟರ್. ಎಡಕ್ಕೆ ವಾಲಿಸಿ, ನೆಟ್ಟಗೆ ಮಾಡಿ, ಕಿಕ್ ಹೊಡೆಯಬೇಕಿತ್ತು. ಅದು ಎದ್ದಿತೆಂದರೆ ಬಿಲ್ಡಿಂಗಿನ ಮಕ್ಕಳೂ ಏಳುತ್ತಿದ್ದರು. ಗಾಡಿ ಚಾಲೂ ಆದರೆ ಸದ್ದು ಬರಲೇಬೇಕು ಎಂಬ ನಂಬಿಕೆ ನಮ್ಮ ಜನರಲ್ಲಿ ಅಂದಿನಿಂದ ಗಟ್ಟಿ.

ನಮ್ಮ ಕಾರಿಗೆ ಆ ಅಭ್ಯಾಸವಿಲ್ಲ. ಬ್ರೇಕ್ ಒತ್ತಿ ಬಟನ್ ಅದುಮಿದರೆ ಎದುರಿಗೆ ಹಸಿರು ಅಕ್ಷರದಲ್ಲಿ 'ರೆಡಿ' ಎಂದು ಬರುತ್ತದೆ. ಅಷ್ಟೇ. ಗಾಡಿ ತಂದ ಹೊಸತರಲ್ಲಿ ನಾನು ರೆಡಿ ಮಾಡಿಕೊಂಡು, ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿ ಮಾಡುತ್ತಿದ್ದೆ. ವಾಚ್‌ಮನ್ ಭಯ್ಯಾ ಪಾಪ, ಮ್ಯಾಡಮ್ ಗಾಡಿ ಚಾಲೂ ಆಗುತ್ತಿಲ್ಲ ಅಂತ ಲಾಠಿ ಬದಿಗಿಟ್ಟು ಓಡಿ ಬಂದ. ಹಿಂದಿನಿಂದ ಎರಡೂ ಕೈ ಕೊಟ್ಟು ತಳ್ಳಿದ. ಅದೇ ಹೊತ್ತಿಗೆ ನಾನು ಬ್ರೇಕ್ ಬಿಟ್ಟೆ. ಗಾಡಿ ಸದ್ದಿಲ್ಲದೆ ಹೊರಟಿತು. ಕನ್ನಡಿಯಲ್ಲಿ ನೋಡಿದರೆ ಆತ ಕೈ ಕೊಡವಿಕೊಳ್ಳುತ್ತಾ ನಗುತ್ತಿದ್ದ. ಆಮೇಲೆ ಇದು ಅವನ ಡ್ಯೂಟಿಯೇ ಆಯಿತು. ನಾನು ಕೂತರೆ ಸಾಕು, ಬಂದು ತಳ್ಳುತ್ತಾನೆ. ಬೇಡಪ್ಪಾ, ಇದು ಹಾಗೆಯೇ ಹೋಗುತ್ತದೆ ಅಂದರೆ "ಕೋಯಿ ಬಾತ್ ನಹೀ ಮ್ಯಾಡಮ್" ಅನ್ನುತ್ತಾನೆ. ದೀಪಾವಳಿಯಲ್ಲಿ ಉಳಿದ ಗಾಡಿಯವರಿಗಿಂತ ನಮ್ಮಿಂದ ಜಾಸ್ತಿ ಬಕ್ಷೀಸು ಬರಬೇಕೆಂದು ಅವನ ಲೆಕ್ಕ. ದುಡಿದಿದ್ದಾನಲ್ವಾ!

ರಿವರ್ಸ್ ತೆಗೆಯುವುದು ಇನ್ನೊಂದು ಕಥೆ. ರಿವರ್ಸಿಗೆ ಹಾಕಿದ ಕೂಡಲೇ ಬೀಪ್ ಬೀಪ್ ಅನ್ನುತ್ತದೆ. ಒಳ್ಳೆಯದೇ. ಆದರೆ ಆ ಸದ್ದು ಬರುವುದು ಕಾರಿನ ಒಳಗೆ. ಹಿಂದೆ ನಿಂತು ಫೋನಿನಲ್ಲಿ ಮಾತಾಡುವವನಿಗೆ ಏನೂ ಕೇಳುವುದಿಲ್ಲ. ನಾನು ರಿವರ್ಸ್ ತೆಗೆಯುತ್ತಿದ್ದೇನೆ ಅಂತ ನನಗೇ ಎಚ್ಚರಿಕೆ ಕೊಡುವ ಈ ಬುದ್ಧಿ ಯಾವ ಎಂಜಿನಿಯರಿಗೆ ಬಂತೋ. ಬಿಲ್ಡಿಂಗಿನ ನಾಯಿಗಳು ಇದರ ಟಯರಿಗೆ ಒರಗಿಯೇ ಮಲಗುತ್ತವೆ. ಅವುಗಳನ್ನು ಎಬ್ಬಿಸದೆ ನಾನು ಗಾಡಿ ತೆಗೆಯುವುದಿಲ್ಲ.

ನಮ್ಮವರ ತಲೆ ಕೆಡಿಸಿದ್ದು ಎವರೇಜ್, ಅಂದರೆ ಮೈಲೇಜ್. ಬೇರೆ ಕಾರುಗಳು ಹೈವೇಯಲ್ಲಿ ಜಾಸ್ತಿ ಎವರೇಜ್ ಕೊಟ್ಟರೆ, ಇದು ಊರೊಳಗೆ, ಅದೂ ಟ್ರಾಫಿಕ್‌ನಲ್ಲಿ ಕೊಡುತ್ತದೆ. ಕಾರಣ ಸರಳ. ನಿಂತಾಗ ಎಂಜಿನ್ ಬಂದ್ ಆಗುತ್ತದೆ. ಮೆಲ್ಲಗೆ ತೆವಳುವಾಗ ಮೋಟಾರ್ ಎಳೆಯುತ್ತದೆ. ಬ್ರೇಕ್ ಹಾಕಿದರೆ ಅದೇ ಮೋಟಾರ್ ಜನರೇಟರ್ ಆಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತದೆ. ಇದನ್ನೆಲ್ಲ ಬಾಣದ ಗುರುತು ಹಾಕಿ ತೋರಿಸಲು ಒಂದು ಸ್ಕ್ರೀನ್ ಬೇರೆ. ಅದನ್ನು ನೋಡಿ ನೋಡಿ ಇವರಿಗೆ ಈಗ ಟ್ರಾಫಿಕ್ ಜಾಮ್ ಎಂದರೆ ಹಬ್ಬ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಖಾಲಿ ಹೊಡೆಯುತ್ತಿದ್ದರೂ ಎಲ್‌ಬಿಎಸ್ ರೋಡಿಗೇ ತಿರುಗಿಸುತ್ತಾರೆ. ಭಾಂಡೂಪಿನಿಂದ ಘಾಟ್ಕೋಪರ್‌ವರೆಗೆ ರಿಕ್ಷಾ, ಟೆಂಪೊ, ಬೆಸ್ಟ್ ಬಸ್ಸುಗಳ ನಡುವೆ ತೆವಳುತ್ತಾ, "ನೋಡು ನೋಡು, ಪೂರ್ತಿ ಬ್ಯಾಟರಿಯಲ್ಲೇ ಹೋಗ್ತಾ ಇದೆ" ಅಂತ ಖುಷಿ ಪಡುತ್ತಾರೆ. ಒಂದು ಮದುವೆಗೆ ಹೀಗೆ ಹೋಗಿ ಮುಹೂರ್ತ ತಪ್ಪಿ, ಊಟದ ಎರಡನೇ ಪಂಕ್ತಿಯೂ ತಪ್ಪಿ, ಕೊನೆಗೆ ಐಸ್‌ಕ್ರೀಮ್ ತಿಂದು ಬಂದೆವು. ಎವರೇಜ್ ಮಾತ್ರ ಬಂಪರ್. ಪುಣೆಯಿಂದ ಬರುವಾಗ ಖಂಡಾಲಾ ಘಾಟ್ ಇಳಿಜಾರಿನಲ್ಲಿ ಬ್ಯಾಟರಿ ತುಂಬುತ್ತದೆ. ತುಂಬಿದ ಮೇಲೂ ಇಳಿಜಾರು ಮುಗಿಯುವುದಿಲ್ಲವಲ್ಲ, ಆಗ ಎಂಜಿನ್ನೇ ಬ್ರೇಕಿನ ಕೆಲಸಕ್ಕೆ ನಿಂತು ಗೋ ಎಂದು ಕೂಗುತ್ತದೆ. ಅಲ್ಲಿ ಇವರ ಮುಖ ಸಪ್ಪೆ. ಫ್ರೀಯಾಗಿ ಬರುವ ಕರೆಂಟು ಹಿಡಿದಿಡಲು ಜಾಗವಿಲ್ಲವಲ್ಲಾ ಅಂತ.

ಪಿಯುಸಿ, ಅಂದರೆ ಗಾಡಿಯ ಹೊಗೆ ತಪಾಸಣೆ ಮಾಡಿಸುವುದು ನನ್ನ ಪಾಲಿಗೆ ಬಂದ ಕೆಲಸ. ಪೆಟ್ರೋಲ್ ಪಂಪಿನ ಮೂಲೆಯಲ್ಲಿ ಮೆಷೀನು ಇಟ್ಟುಕೊಂಡ ಹುಡುಗ ಸೈಲೆನ್ಸರಿಗೆ ಕೊಳವೆ ತುರುಕಿ, "ಗಾಡಿ ಚಾಲೂ ಕರೋ" ಎಂದ. "ಚಾಲೂ ಹೈ" ಎಂದೆ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ. ನನ್ನ ಮುಖ ನೋಡಿದ. ಮೆಷೀನಿನಲ್ಲಿ ಎಲ್ಲ ಸೊನ್ನೆ. ಮೆಷೀನಿಗೆ ಎರಡು ಏಟು ಹಾಕಿದ, ಆಗಲೂ ಸೊನ್ನೆ. ಕೊಳವೆ ಸರಿಯಾಗಿ ಕೂತಿಲ್ಲವೇನೋ ಅಂತ ಬಗ್ಗಿದ್ದೇ ತಡ, ಎಂಜಿನ್ ತಾನಾಗಿ ಎದ್ದಿತು. ಹುಡುಗ ಹಾರಿ ಹಿಂದೆ ನಿಂತ. ಸುಧಾರಿಸಿಕೊಂಡು ಕಂಪ್ಯೂಟರ್ ಹತ್ತಿರ ಓಡುವಷ್ಟರಲ್ಲಿ ಮತ್ತೆ ಬಂದ್. ಕಡೆಗೆ ಗೇರನ್ನು ಪಾರ್ಕಿನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ ಹಿಡಿದು ಎಂಜಿನ್ನನ್ನು ಎಚ್ಚರವಾಗಿ ಇರಿಸಿದೆ. ನಂಬರ್ ಪ್ಲೇಟಿನ ಫೋಟೋ ತೆಗೆಯುವಾಗ ಆ ಹುಡುಗ ಕಾರಿನಿಂದ ನಾಲ್ಕು ಮಾರು ದೂರ ನಿಂತಿದ್ದ.

ನಮ್ಮ ಅತ್ತೆಗೆ ಈ ಕಾರು ಕಂಡರೆ ಒಳಗೊಳಗೇ ಅನುಮಾನ. ಮಾಟುಂಗಾ ಮಾರ್ಕೆಟ್ಟಿನಲ್ಲಿ ಬಾಳೆ ಎಲೆ, ಕೆಸುವಿನ ಎಲೆ ತರಲು ಹೋದಾಗ ಅವರನ್ನು ಎಸಿ ಹಾಕಿ ಕಾರಿನಲ್ಲೇ ಕೂರಿಸಿದ್ದೆವು. ಎಸಿ ಬ್ಯಾಟರಿಯಿಂದ ಓಡುತ್ತದೆ. ಚಾರ್ಜ್ ಇಳಿದರೆ ಎಂಜಿನ್ ತಾನೇ ಎದ್ದು ತುಂಬಿಕೊಳ್ಳುತ್ತದೆ. ಇದನ್ನು ಅವರಿಗೆ ಹೇಳಲು ಯಾರಿಗೂ ನೆನಪಾಗಲಿಲ್ಲ. ನಾವು ಬರುವಾಗ ಅತ್ತೆ ಬ್ಯಾಗ್ ಎದೆಗವಚಿಕೊಂಡು ಫುಟ್‌ಪಾತಿನಲ್ಲಿ ನಿಂತಿದ್ದರು. "ಡ್ರೈವರ್ ಸೀಟಲ್ಲಿ ಯಾರೂ ಇಲ್ಲ ಮಗಾ. ಗಾಡಿ ಗುರ್ರ್ ಅಂತು. ನಾನು ಇನ್ನು ಹತ್ತುದಿಲ್ಲ" ಅಂದರು. ಮನೆಗೆ ಟ್ಯಾಕ್ಸಿಯಲ್ಲೇ ಬಂದರು.

ಕಾರೂ ಅತ್ತೆಯ ಮೇಲೆ ಸೇಡು ತೀರಿಸಿಕೊಂಡಿತು ಅನ್ನಬೇಕು. ದೊಡ್ಡ ಬ್ಯಾಟರಿ ಇರುವುದು ಹಿಂದಿನ ಸೀಟಿನ ಹಿಂದೆ. ಅದನ್ನು ತಂಪಾಗಿಡಲು ಒಂದು ಫ್ಯಾನು. ಆ ಫ್ಯಾನ್ ಗಾಳಿ ಎಳೆದುಕೊಳ್ಳುವುದು ಕಾರಿನ ಒಳಗಿನಿಂದಲೇ, ಹಿಂದಿನ ಸೀಟಿನ ಪಕ್ಕದ ಜಾಲರಿಯಿಂದ. ಅತ್ತೆ ಕೂರುವುದೂ ಅಲ್ಲೇ, ಬ್ಯಾಗ್ ಇಡುವುದೂ ಆ ಜಾಲರಿಗೇ ಆತುಕೊಂಡು. ಒಂದು ಏಪ್ರಿಲಿನಲ್ಲಿ ಹಿಂದೆ ಫ್ಯಾನು ಹುಯಿಲಿಡತೊಡಗಿತು. ಎದುರು ಕೆಂಪು ತ್ರಿಕೋನ ಹತ್ತಿಕೊಂಡಿತು. ನಮ್ಮ ಗ್ಯಾರೇಜಿನವರು ಕಾರ್ಕಳದವರು. ನಾವು ಅಣ್ಣ ಎನ್ನುತ್ತೇವೆ. ಅವರು ಜಾಲರಿ ಬಿಚ್ಚಿ ಒಂದೊಂದೇ ಹೊರತೆಗೆದು ನ್ಯೂಸ್‌ಪೇಪರಿನ ಮೇಲೆ ಇಟ್ಟರು. ಬೂದು ಬಣ್ಣದ ಧೂಳಿನ ಉಂಡೆ. ನನ್ನ ಕೂದಲು, ಅತ್ತೆಯ ಬಿಳಿ ಕೂದಲು. ಒಣಗಿದ ಶಂಕರಪುರ ಮಲ್ಲಿಗೆ, ದಾರದ ಸಮೇತ. ಸೇವು ನಾಲ್ಕಾರು. ಕಟೀಲಿನ ಪ್ರಸಾದದ ಪೊಟ್ಟಣದ ಕಾಗದ. "ಅಕ್ಕ, ಬ್ಯಾಟರಿಯದ್ದು ತಪ್ಪಿಲ್ಲ. ಅದಕ್ಕೆ ಉಸಿರು ಕಟ್ಟಿದ್ದು ಅಷ್ಟೇ" ಅಂದರು ಅಣ್ಣ. ಪ್ರಸಾದದ ಕಾಗದವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು.

ಇಷ್ಟೆಲ್ಲ ಹೇಳಿದರೂ ಇದು ನಿಜವಾಗಿ ಕೆಟ್ಟದ್ದು ಕಡಿಮೆ. ಕೆಟ್ಟಾಗ ಮಾತ್ರ ಗಮ್ಮತ್ತು. ಮೇ ರಜೆಗೆ ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರಕ್ಕೆ ಹೋಗಿ, ಮಳೆ ಹಿಡಿದ ಮೇಲೆ ವಾಪಸ್ ಬಂದೆವು. ಮರುದಿನ ನೋಡಿದರೆ ಬಾಗಿಲೇ ತೆರೆಯದು. ರಿಮೋಟ್ ಒತ್ತಿದರೆ ಉತ್ತರವಿಲ್ಲ. ಈ ರಿಮೋಟಿನ ಹೊಟ್ಟೆಯಲ್ಲಿ ಒಂದು ಕಬ್ಬಿಣದ ಕೀ ಅಡಗಿಸಿಟ್ಟಿರುತ್ತಾರೆ. ಅದನ್ನೆಳೆದು ಡ್ರೈವರ್ ಬಾಗಿಲು ತೆಗೆದೆವು. ಒಳಗೆ ದೀಪವಿಲ್ಲ, ಬಟನ್ನಿಗೆ ಜೀವವಿಲ್ಲ.

ವಿಷಯ ಏನೆಂದರೆ, ಇದರಲ್ಲಿ ಬ್ಯಾಟರಿ ಎರಡು. ಗಾಡಿ ಎಳೆಯುವ ದೊಡ್ಡದು ಸುಮಾರು 200 ವೋಲ್ಟಿನದು. ಇನ್ನೊಂದು 12 ವೋಲ್ಟಿನ ಚಿಕ್ಕದು. ಕಂಪ್ಯೂಟರು, ಬಾಗಿಲು, ದೀಪ ಎಲ್ಲ ಈ ಚಿಕ್ಕದರ ಕೈಯಲ್ಲಿ. ದೊಡ್ಡದನ್ನು ಗಾಡಿಗೆ ಜೋಡಿಸುವ ರಿಲೇ ಕೂಡ ಇದರ ಅಪ್ಪಣೆ ಇಲ್ಲದೆ ಅಲುಗುವುದಿಲ್ಲ. ಗಾಡಿ ನಿಂತಲ್ಲೇ ನಿಂತು ಆ ಚಿಕ್ಕದು ಖಾಲಿಯಾಗಿತ್ತು. ಬೀರು ತುಂಬ ದುಡ್ಡಿದೆ, ಬೀಗದ ಕೈ ಸೊಸೆಯ ಸೊಂಟದಲ್ಲಿದೆ, ಸೊಸೆ ತವರಿಗೆ ಹೋಗಿದ್ದಾಳೆ. ಅಷ್ಟೇ ಸಮಸ್ಯೆ. ಇನ್ನೊಂದು ಚೋದ್ಯ ಏನು ಗೊತ್ತಾ? ಚಿಕ್ಕ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಡಿಕ್ಕಿ ತೆರೆಯುವುದು ಕರೆಂಟಿನ ಬಟನ್ನಿನಿಂದ. ಆ ಕರೆಂಟು ಬರಬೇಕಾದದ್ದು ಅದೇ ಚಿಕ್ಕ ಬ್ಯಾಟರಿಯಿಂದ.

ಸೊಸೈಟಿಯವರು ಕೊಡೆ ಹಿಡಿದು ಸೇರಿದರು. ಮೂರನೇ ಮಾಳಿಗೆಯ ಕಾಕಾ, "ಸೆಕೆಂಡ್ ಗೇರ್‌ನಲ್ಲಿ ಹಾಕಿ ತಳ್ಳಿ" ಅಂದರು. ಸೆಕೆಂಡ್ ಗೇರ್ ಎಂಬುದೇ ಇಲ್ಲ ಅಂದಾಗ, ಅಂಥ ಕಾರು ಯಾಕೆ ತಗೊಂಡಿರಿ ಎಂಬಂತೆ ನೋಡಿದರು. ವಾಚ್‌ಮನ್ ಭಯ್ಯಾ ಮುಂದೆ ಬಂದ. ಇದು ಅವನ ಖಾಸ್ ಗಾಡಿ. ಎಲ್ಲರನ್ನೂ ಸರಿಸಿ, ತೋಳೇರಿಸಿ, ತಳ್ಳಿದ. ಕಾರು ಕೂದಲೆಳೆಯಷ್ಟೂ ಅಲುಗಲಿಲ್ಲ. ಪಾರ್ಕ್ ಲಾಕ್ ಕೂಡ ಕರೆಂಟಿನದ್ದೇ, ಚಕ್ರ ಬಿಡುವುದಿಲ್ಲ. ಭಯ್ಯಾ ಮತ್ತೆ ತಳ್ಳಿದ. ನಾಲ್ಕು ಜನ ಸೇರಿ ತಳ್ಳಿದರು. ಅವನ ಮುಖ ಇಷ್ಟು ಸಣ್ಣದಾಯಿತು. ಇಷ್ಟು ದಿನ ಒಂದೇ ಕೈಯಲ್ಲಿ ಹೊರಡಿಸಿದವನು!

ಈ ನಡುವೆ ಕಾಕಾನ ಮೊಮ್ಮಗ ಹಿಂದಿನ ಸೀಟು ಹಾರಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಒಳಗಿನಿಂದ ಡಿಕ್ಕಿಯ ಲಿವರ್ ಹುಡುಕುತ್ತಿದ್ದ. ಸಿಕ್ಕಿದ್ದು ನಾನು ಕಳೆದುಹೋಯಿತೆಂದು ಬಿಟ್ಟಿದ್ದ ತೆಂಗಿನಕಾಯಿ ತುರಿಯುವ ಮಣೆ. ಅಷ್ಟರಲ್ಲಿ ಅಣ್ಣ ಬಂದರು. ಯಾರ ಮಾತೂ ಕೇಳಿಸಿಕೊಳ್ಳಲಿಲ್ಲ. ಬಾನೆಟ್ ಎತ್ತಿದರು. ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಅದರೊಳಗಿನ ಕೆಂಪು ಟೊಪ್ಪಿ ಸರಿಸಿ, ತಮ್ಮ ಬ್ಯಾಟರಿಯ ಕೇಬಲ್ ಕಚ್ಚಿಸಿದರು. ಇನ್ನೊಂದನ್ನು ಕಬ್ಬಿಣಕ್ಕೆ ಕೊಟ್ಟರು. "ಅಕ್ಕ, ಒತ್ತಿ." ಒತ್ತಿದೆ. ರೆಡಿ. ಡಿಕ್ಕಿಯವರೆಗೆ ಹೋಗುವುದೇ ಬೇಡ, ಕಂಪನಿಯವರು ಮುಂದೆಯೇ ಒಂದು ತುದಿ ಇಟ್ಟಿರುತ್ತಾರೆ. ಆದರೆ ಸದ್ದಿಲ್ಲವಲ್ಲ, ಹಾಗಾಗಿ ಜನ ಇನ್ನೂ "ಹುವಾ ಕ್ಯಾ? ಹುವಾ ಕ್ಯಾ?" ಅನ್ನುತ್ತಲೇ ಇದ್ದರು. ಅಣ್ಣ ಕೇಬಲ್ ಸುತ್ತಿಕೊಂಡು ಹೊರಟ ಮೇಲೂ ಕಾಕಾ ನಂಬಲಿಲ್ಲ.

ಹೋದ ವರ್ಷ ಗಾಡಿಗೆ 15 ತುಂಬಿತು. ಖಾಸಗಿ ಕಾರಿಗೆ 15 ವರ್ಷವಾದರೆ ಮತ್ತೆ ರಿಜಿಸ್ಟ್ರೇಷನ್ ಮಾಡಿಸಬೇಕು, ಆಗ ಮುಂದಿನ ಐದು ವರ್ಷಕ್ಕೆ ಪರವಾನಗಿ. ಮಹಾರಾಷ್ಟ್ರದಲ್ಲಿ ಅದರ ಜೊತೆ ಪರ್ಯಾವರಣ ಕರವೂ ಇದೆ, ಹಳೇ ಗಾಡಿ ಹೊಗೆ ಬಿಡುತ್ತದೆ ಅಂತ. ಪಿಯುಸಿ ಹುಡುಗನನ್ನು ಸಾಕ್ಷಿಗೆ ಕರೆಯೋಣವೇ ಅಂದೆ. ಇವರು ಸುಮ್ಮನೆ ಕಟ್ಟಿ ರಸೀದಿ ಜೇಬಿಗಿಟ್ಟುಕೊಂಡರು.

ಆರ್‌ಟಿಒ ಇನ್ಸ್‌ಪೆಕ್ಟರ್ ಸಾಹೇಬರು ಚಾಸಿಸ್ ನಂಬರ್ ನೋಡಿದರು, ಹಾರ್ನ್ ಒತ್ತಿಸಿದರು, ವೈಪರ್ ಹಾಕಿಸಿದರು. ಆಮೇಲೆ "ಚಾಲೂ ಕರಾ" ಅಂದರು.

"ಚಾಲೂ ಆಹೇ ಸಾಹೇಬ್" ಅಂದರು ಇವರು.

ಸಾಹೇಬರು ಬಾನೆಟ್ಟಿಗೆ ಕಿವಿ ಕೊಟ್ಟರು. ಏನೂ ಕೇಳಲಿಲ್ಲ. "ಬರಂ, ಆತಾ ಬಂದ್ ಕರಾ."

ಇವರು ಬಟನ್ ಒತ್ತಿ ಬಂದ್ ಮಾಡಿದರು. ಸಾಹೇಬರು ಮತ್ತೆ ಕಿವಿ ಕೊಟ್ಟು ಕೇಳಿ, ನೆಟ್ಟಗಾಗಿ, ಪೆನ್ನಿನ ಮುಚ್ಚಳ ತೆಗೆದರು.

"ಫರಕ್ ಕಾಯ್ ಪಡ್ಲಾ?" ಏನು ವ್ಯತ್ಯಾಸವಾಯಿತು ಅಂತ ಕೇಳಿದವರೇ ಉತ್ತರಕ್ಕೆ ಕಾಯದೆ ಸಹಿ ಹಾಕಿದರು.